ಮುಳಬಾಗಿಲು ದೋಸೆ: ಹೆಸರು ಊರಿನದು, ರುಚಿ ಲೋಕದ್ದು

ಮುಳಬಾಗಿಲು: ಮೈಸೂರು ಸೀಮೆಗೆ ಮೂಡಣ ದಿಕ್ಕಿನ ಬಾಗಿಲಾಗಿದ್ದ ಕಾರಣ ಈ ಊರು ‘ಮೂಡಲಬಾಗಿಲು’ ಎನಿಸಿಕೊಂಡು, ಕ್ರಮೇಣ ಮುಳಬಾಗಿಲಾಯಿತು ಎನ್ನುತ್ತಾರೆ. ಆಂಜನೇಯನ ಗುಡಿ, ಶ್ರೀಪಾದರಾಜರ ಮಠ, ಪಕ್ಕದ ಕುರುಡುಮಲೆಯ ಗಣಪತಿ ಇಲ್ಲಿನ ಹಳೆಯ ಹೆಗ್ಗಳಿಕೆಗಳು. 1887ರಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ್ದೂ ಇಲ್ಲಿಯೇ. ಆದರೆ ರಾಜಧಾನಿಯ ಬೀದಿಗಳಲ್ಲಿ ಈ ಊರಿನ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿದ ಕೀರ್ತಿ ಗುಡಿಗೂ ಇಲ್ಲ, ಕವಿಗೂ ಇಲ್ಲ. ಅದು ದೋಸೆಗೆ ಸಲ್ಲಬೇಕು. ‘ಮುಳಬಾಗಿಲು ದೋಸೆ’ ಎಂಬ ಫಲಕವಿರುವ ಹೋಟೆಲುಗಳು ಬೆಂಗಳೂರಿನಲ್ಲಿ ಈಗ ಅಪರೂಪವಲ್ಲ.

ಅಗಲ ಕಡಿಮೆ, ದಪ್ಪ ಹೆಚ್ಚು. ಮೇಲೆ ಕೆಂಪಗೆ ಗರಿಗರಿ, ಒಳಗೆ ಹತ್ತಿಯಂತೆ ಮೆತ್ತಗೆ. ಎಣ್ಣೆ, ತುಪ್ಪಕ್ಕೆ ಕೈ ಬಿಗಿ ಹಿಡಿಯುವ ಪದ್ಧತಿಯಿಲ್ಲ. ಒಳಗೆ ಕಾರದ ಚಟ್ನಿ, ಆಲೂಗಡ್ಡೆ ಪಲ್ಯ. ಮುಳಬಾಗಿಲು ದೋಸೆಯೆಂದರೆ ಸಾಮಾನ್ಯವಾಗಿ ಇಷ್ಟು. ಇದು ಅಪ್ಪಟ ಈ ಮಣ್ಣಿನ ತಿಂಡಿ ಎಂಬ ಅಭಿಮಾನ ಊರಿನವರಿಗೆ ಇರುವುದು ಸಹಜ. ಆದರೆ ತಟ್ಟೆಯಲ್ಲಿರುವ ಒಂದೊಂದು ವಸ್ತುವಿನ ಹುಟ್ಟೂರನ್ನು ಕೇಳುತ್ತ ಹೋದರೆ ಆಂಡಿಸ್ ಪರ್ವತದಿಂದ ಅಫ್ಘಾನಿಸ್ತಾನದವರೆಗೆ ಸುತ್ತಿ ಬರಬೇಕಾಗುತ್ತದೆ.

ಅಕ್ಕಿಯಿಲ್ಲದ ದೋಸೆ

ದೋಸೆ, ಇಡ್ಲಿಗಳ ಹಳೆಯ ದಾಖಲೆ ಹುಡುಕುವವರಿಗೆ ಕನ್ನಡ ನಾಡು ನಿರಾಸೆ ಮಾಡುವುದಿಲ್ಲ. ಸುಮಾರು ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ‘ಇಡ್ಡಲಿಗೆ’ ಎಂಬ ಪದವಿದೆ. ಎರಡನೆಯ ಚಾವುಂಡರಾಯನು 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ವು ಅದನ್ನು ಮಾಡುವ ಕ್ರಮವನ್ನೂ ಹೇಳುತ್ತದೆ: ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯೊಂದಿಗೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು. ಕೃಷಿ, ಜಲಶೋಧನೆ, ವೈದ್ಯಗಳ ನಡುವೆ ಅಡುಗೆಗೂ ಸ್ಥಾನ ಕೊಟ್ಟ ಈ ಗ್ರಂಥಕರ್ತನ ವ್ಯವಹಾರಜ್ಞಾನ ಮೆಚ್ಚತಕ್ಕದ್ದು.

ಮತ್ತೊಂದು ಶತಮಾನದ ನಂತರ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಧೋಸಕ’ ಕಾಣಿಸಿಕೊಳ್ಳುತ್ತದೆ. ಅರಮನೆಯ ಊಟವನ್ನು ವರ್ಣಿಸುವ ಆ ಭಾಗದಲ್ಲಿ ಹೊಲದ ಇಲಿಯನ್ನು ಸುಡುವ ವಿಧಾನವೂ ಉಂಟು. ಆದ್ದರಿಂದ ‘ನಮ್ಮ ಪ್ರಾಚೀನ ಆಹಾರ’ ಎಂದು ಎದೆಯುಬ್ಬಿಸುವವರು ಗ್ರಂಥವನ್ನು ಪೂರ್ತಿಯಾಗಿ ಓದುವುದು ಒಳ್ಳೆಯದು. ಆಗಿನ ಧೋಸಕ ಉದ್ದು, ಅಲಸಂದೆಯಂಥ ಕಾಳುಗಳ ಹಿಟ್ಟಿನಿಂದಾದದ್ದು. ಅದರಲ್ಲಿ ಅಕ್ಕಿಯಿಲ್ಲ. ಕೊಳ್ಳೇಗಾಲದಲ್ಲಿ ಜನಿಸಿ ಭಾರತೀಯ ಆಹಾರದ ಇತಿಹಾಸವನ್ನು ಶಾಸ್ತ್ರೀಯವಾಗಿ ಬರೆದ ಕೆ.ಟಿ. ಅಚಯ ಅವರು ಇಡ್ಲಿಯ ಬಗ್ಗೆಯೂ ಇದೇ ಮಾತು ಹೇಳಿದ್ದರು: ಹಳೆಯ ಕನ್ನಡ ಇಡ್ಡಲಿಗೆಯಲ್ಲಿ ಅಕ್ಕಿಯ ಮಿಶ್ರಣ, ದೀರ್ಘಕಾಲದ ಹುದುಗು, ಹಬೆಯಲ್ಲಿ ಬೇಯಿಸುವುದು ಮೂರೂ ಕಾಣುವುದಿಲ್ಲ. ಅಂದರೆ ಹೆಸರು ಹಳೆಯದು, ತಿಂಡಿ ಬೇರೆ.

ಆ ಪಾಕದಲ್ಲಿಯೂ ಹೊರಗಿನ ಅತಿಥಿಯೊಬ್ಬರು ಇದ್ದರು ಎಂಬುದು ಇನ್ನೂ ಸ್ವಾರಸ್ಯಕರ. ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯ ಗಿಡದ ಅಂಟು. ಸಾವಿರ ವರ್ಷ ಕನ್ನಡಿಗರು ಒಗ್ಗರಣೆಗೆ ಹಾಕಿದ ಈ ವಸ್ತುವನ್ನು ಭಾರತದ ನೆಲದಲ್ಲಿ ಬೆಳೆಯಲು ವ್ಯವಸ್ಥಿತ ಪ್ರಯತ್ನ ಆರಂಭವಾದದ್ದು 2020ರ ಅಕ್ಟೋಬರಿನಲ್ಲಿ, ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ.

ಉದ್ದಿನೊಂದಿಗೆ ಅಕ್ಕಿ ಸೇರಿದ ಮೇಲೆಯೇ ದೋಸೆ ಇಂದಿನ ದೋಸೆಯಾದದ್ದು. ರಾತ್ರಿಯಿಡೀ ಇಟ್ಟ ಹಿಟ್ಟಿನಲ್ಲಿ ಲ್ಯೂಕೊನಾಸ್ಟಾಕ್ ಮುಂತಾದ ಸೂಕ್ಷ್ಮಜೀವಿಗಳು ಹುಳಿಯನ್ನೂ ಅನಿಲವನ್ನೂ ಉತ್ಪಾದಿಸುತ್ತವೆ. ಉದ್ದಿನ ಲೋಳೆ ಆ ಅನಿಲವನ್ನು ಹಿಡಿದಿಡುತ್ತದೆ. ಅಕ್ಕಿಯ ಪಿಷ್ಟ ಕಾವಲಿಯ ಮೇಲೆ ಗರಿಯಾಗುತ್ತದೆ. ಉದ್ದು ಈ ದೇಶದ ಮೂಲ ಬೆಳೆ. ಹಿಟ್ಟಿಗೆ ಬೀಳುವ ನಾಲ್ಕು ಕಾಳು ಮೆಂತ್ಯ ಮಾತ್ರ ಪಶ್ಚಿಮದಿಂದ ಬಂದದ್ದು.

ದೋಸೆ ಯಾರದು ಎಂಬ ವ್ಯಾಜ್ಯ ಮಾತ್ರ ಇನ್ನೂ ಮುಗಿದಿಲ್ಲ. ತಮಿಳಿನ ಸಂಗಂ ಸಾಹಿತ್ಯದ ಕಾಲಕ್ಕೇ ಅದು ಆ ನಾಡಿನಲ್ಲಿತ್ತು ಎಂಬುದು ಅಚಯ ಅವರ ಅಭಿಪ್ರಾಯ. ಉಡುಪಿಯೇ ತವರು ಎಂದು ವಾದಿಸುವವರೂ ಇದ್ದಾರೆ. ಮುಳಬಾಗಿಲಿನಲ್ಲಿ ನಿಂತು ನೋಡಿದರೆ ಈ ಜಗಳ ತುಸು ವಿಚಿತ್ರವಾಗಿ ತೋರುತ್ತದೆ. ಪೂರ್ವಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲಿ ಆಂಧ್ರದ ಗಡಿ. ದಕ್ಷಿಣಕ್ಕೆ ತಮಿಳುನಾಡು ದೂರವಲ್ಲ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳು ಇಲ್ಲಿ ಹೇರಳ. ದೋಸೆ, ದೋಸ, ದೋಸೈ, ಕೊಂಚ ದಪ್ಪನಾದರೆ ತೆಲುಗಿನ ‘ಅಟ್ಟು’: ಹೆಸರುಗಳೆಲ್ಲ ಒಂದೇ ಕಾವಲಿಯ ಸುತ್ತ ತಿರುಗುತ್ತವೆ. ಇಂದಿನ ರಾಜ್ಯಗಳ ಗಡಿ 1956ರದು. ದೋಸೆ ಅದಕ್ಕಿಂತ ಬಹಳ ಹಿರಿದು.

ಹಬ್ಬದ ಅಕ್ಕಿ, ದಿನದ ರಾಗಿ

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಭತ್ತ ಬೆಳೆಯುತ್ತಿದ್ದುದು ಕೆರೆಗಳ ಅಚ್ಚುಕಟ್ಟಿನಲ್ಲಿ. ಕೆರೆ ತುಂಬಿದರೆ ಅಕ್ಕಿ, ಇಲ್ಲವಾದರೆ ಇಲ್ಲ. ಹೀಗಾಗಿ ದೋಸೆಯೆಂಬುದು ಬಹುಪಾಲು ಮನೆಗಳಲ್ಲಿ ಹಬ್ಬಕ್ಕೋ ನೆಂಟರು ಬಂದಾಗಲೋ ಕಾಣುವ ತಿಂಡಿಯಾಗಿತ್ತು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್ ಒಣಬೇಸಾಯದ ಮುಖ್ಯ ಬೆಳೆಯಾಗಿ ಕಂಡದ್ದು ರಾಗಿಯನ್ನು. ದಿನನಿತ್ಯದ ಹೊಟ್ಟೆ ತುಂಬಿಸಿದ್ದು ಮುದ್ದೆ, ಸೊಪ್ಪಿನ ಸಾರು.

ಹಾಗಾದರೆ ರಾಗಿಯಾದರೂ ಇಲ್ಲಿಯದೇ? ಅದೂ ವಲಸೆ ಬಂದದ್ದೇ. ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು ಅದರ ತವರು. ಇತಿಹಾಸ ಬರೆಯುವ ಮೊದಲೇ ಅದು ಇತ್ತ ಬಂದು ನೆಲೆಸಿತ್ತು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತದೊಡನೆ ವಾದಿಸಿ ರಾಘವನ ಹೆಸರನ್ನೇ ಪಡೆಯುವ ಈ ಧಾನ್ಯದ ಪೂರ್ವಜರು ಆಫ್ರಿಕದವರೆಂದರೆ ಹಲವರು ನಂಬಲಾರರು. ವಿಶೇಷವೆಂದರೆ ಅದು ಆಫ್ರಿಕದಿಂದ ಎರಡನೆಯ ಬಾರಿಯೂ ಬಂದಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯ ಅವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಹೆಸರಿನಲ್ಲಿಯೇ ಎರಡೂ ಖಂಡಗಳಿವೆ. ಬಯಲುಸೀಮೆಯ ಇಳುವರಿ ಹೆಚ್ಚಿದ್ದರಲ್ಲಿ ಈ ಮನುಷ್ಯನ ಪಾಲು ದೊಡ್ಡದು. ದೋಸೆಗೆ ಸಿಕ್ಕ ಪ್ರಚಾರದ ನೂರರಲ್ಲೊಂದು ಪಾಲೂ ಅವರಿಗೆ ಸಿಗಲಿಲ್ಲ.

ಮುಂದೆ ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ರಾಜಧಾನಿಗೆ ತರಕಾರಿ, ಹಾಲು ಮತ್ತು ದೋಸೆಯ ಹೆಸರನ್ನು ಕಳಿಸುವ ಜಿಲ್ಲೆಗೆ ಅಲ್ಲಿಂದ ಮರಳಿ ಬಂದದ್ದು ಇದು.

ಮೆಣಸಿನಕಾಯಿಯ ಗುಟ್ಟು

ಚಟ್ನಿ, ಪಲ್ಯಗಳ ಚರಿತ್ರೆಗೆ ಶಾಸನ ಬೇಕಿಲ್ಲ, ಭಾಷೆಯೇ ಸಾಕ್ಷಿ. ಕನ್ನಡದಲ್ಲಿ ‘ಮೆಣಸು’ ಎಂದರೆ ಮೊದಲಿಗೆ ಮಲೆನಾಡಿನ ಬಳ್ಳಿಯ ಕಾಳು ಮಾತ್ರ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ಬಳಿಕ ಅಮೆರಿಕ ಖಂಡದ ಹೊಸ ಕಾಯಿಯೊಂದು ಇತ್ತ ಹಬ್ಬಿತು. ಮೆಣಸಿನಂತೆ ಖಾರ, ನೋಡಲು ಕಾಯಿ. ಜನ ‘ಮೆಣಸಿನಕಾಯಿ’ ಎಂದರು. ಬಂದವನು ಮನೆಯ ಯಜಮಾನನಾದ ಮೇಲೆ ಹಳಬನಿಗೆ ಹೆಸರು ಸಾಲದೆ ‘ಕಾಳುಮೆಣಸು’, ‘ಕರಿಮೆಣಸು’ ಎಂದು ವಿಶೇಷಣ ಹಚ್ಚಬೇಕಾಯಿತು. ಅಮೆರಿಕದ ಈ ಗಿಡದ ಬ್ಯಾಡಗಿ ತಳಿಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಈಗ ಅದನ್ನು ಪರದೇಶಿ ಎನ್ನುವ ಧೈರ್ಯ ಯಾರಿಗಿದೆ?

ಕಡಲೆಯ ಕಥೆಯೂ ಹೀಗೆಯೇ. ಚಟ್ನಿಗೆ ಹಾಕುವ ಹುರಿಗಡಲೆಯ ಮೂಲ ಇಂದಿನ ತುರ್ಕಿಯ ಆಗ್ನೇಯ ಭಾಗ. ಬಹು ಹಿಂದೆಯೇ ಬಂದು ಕಡಲೆ ಎಂಬ ಹೆಸರು ಪಡೆದಿತ್ತು. ಬಳಿಕ ದಕ್ಷಿಣ ಅಮೆರಿಕದ ಶೇಂಗಾ ಬಂದಾಗ ಹಳೆ ಮೈಸೂರಿನವರು ಅದನ್ನೂ ‘ಕಡಲೆಕಾಯಿ’ ಎಂದು ಕರೆದುಕೊಂಡರು. ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವುದು ಇದೇ.

ಆಲೂಗಡ್ಡೆ ಆಂಡಿಸ್ ಪರ್ವತಗಳದ್ದು. ಕರಾವಳಿಯಲ್ಲಿ ‘ಬಟಾಟೆ’ ಎಂಬ ಪೋರ್ಚುಗೀಸ್ ಹೆಸರೇ ಉಳಿದರೆ, ಒಳನಾಡು ಗೆಡ್ಡೆಗಳಿಗಿದ್ದ ಸಂಸ್ಕೃತದ ‘ಆಲು’ವನ್ನು ಅದಕ್ಕೆ ಒಪ್ಪಿಸಿತು. ಕೆಲವರು ಗರಿ ಬರಲೆಂದು ದೋಸೆ ಹಿಟ್ಟಿಗೆ ಸೇರಿಸುವ ಸಬ್ಬಕ್ಕಿಯೂ ದಕ್ಷಿಣ ಅಮೆರಿಕ ಮೂಲದ ಮರಗೆಣಸಿನ ಪಿಷ್ಟ. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯದ ಆಮದು ನಿಂತಾಗ, 1940ರ ದಶಕದಲ್ಲಿ ಸೇಲಂನಲ್ಲಿ ಅದರ ಉದ್ಯಮ ಬೇರೂರಿತು. ಅದೇ ಯುದ್ಧದ ಅಕ್ಕಿಯ ಅಭಾವದಲ್ಲಿ, 1924ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಎಂ.ಟಿ.ಆರ್. ರವೆ ಇಡ್ಲಿಯನ್ನು ರೂಪಿಸಿತು ಎಂಬುದು ಆ ಸಂಸ್ಥೆಯ ಹೇಳಿಕೆ.

ಪಲ್ಯ ದೋಸೆಯ ಒಳಗೆ ಹೊಕ್ಕಿದ್ದು ಹೋಟೆಲಿನ ಕಾಲದ ಮಾತು. ಉಡುಪಿ, ಕುಂದಾಪುರದ ಕಡೆಯವರು ಊರೂರಿಗೆ ಹೋಗಿ ಹೋಟೆಲು ತೆರೆದರು, ಕೆ. ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಆರಂಭಿಸಿದರು. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ವಿದ್ಯಾರ್ಥಿ ಭವನ ಬಂತು. ಈರುಳ್ಳಿ ಮುಟ್ಟದ ಗಿರಾಕಿಗಳ ಕಣ್ಣಿಗೆ ಬೀಳದಿರಲೆಂದು ಪಲ್ಯವನ್ನು ಮಡಚಿ ಮುಚ್ಚಿದರು ಎಂಬ ಕಥೆಯೊಂದು ಹೋಟೆಲು ವಲಯದಲ್ಲಿ ಬಹಳ ಓಡಾಡುತ್ತದೆ. ಕಥೆ ಸೊಗಸಾಗಿದೆ, ಆದರೆ ಈರುಳ್ಳಿಯ ವಾಸನೆಯನ್ನು ದೋಸೆ ಮುಚ್ಚಬಲ್ಲದೆಂದು ನಂಬಲು ಮೂಗೇ ಇರಬಾರದು.

ಕೊನೆಯದಾಗಿ ಕೆಂಪು ಚಟ್ನಿಗೆ ಬೀಳುವ ಟೊಮೆಟೊ. ಮೆಕ್ಸಿಕೊದ ಮೂಲನಿವಾಸಿಗಳ ನುಡಿಯಿಂದ ಹೆಸರು ಪಡೆದ ಈ ಹಣ್ಣಿಗೆ ಕೋಲಾರದ ಮಾರುಕಟ್ಟೆ ಇಂದು ದೇಶದ ಅತಿ ದೊಡ್ಡ ಕೇಂದ್ರಗಳಲ್ಲೊಂದು. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿಯೂ ದೊಡ್ಡ ವಹಿವಾಟಿದೆ. 2023ರ ಜುಲೈಯಲ್ಲಿ ಕೋಲಾರದಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿ, ಕಾಯಿ ಕಾಯಲು ರೈತರು ರಾತ್ರಿ ಹೊಲದಲ್ಲಿ ಮಲಗಿದರು. ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಅದೇ ಹಣ್ಣನ್ನು ರಸ್ತೆಗೆ ಸುರಿದವರೂ ಇವರೇ. ಅದರ ಪಕ್ಕದಲ್ಲಿಯೇ ತಿರುಪತಿಗೆ ಹೋಗುವ ವಾಹನಗಳು ದೋಸೆಗೆಂದು ನಿಲ್ಲುತ್ತವೆ.