ಉಬ್ಬಸದ ಬೆನ್ನು ಹತ್ತಿದ ನೂರು ವರ್ಷ

ಉಬ್ಬಸವಿರುವ ಮಕ್ಕಳ ಮನೆಗಳಲ್ಲಿ ಮಾಂಟೆಲುಕಾಸ್ಟ್ ಮಾತ್ರೆಯ ಹೆಸರು ಗೊತ್ತಿರುತ್ತದೆ. ಅದರ ಹಿಂದಿರುವ ಉದ್ದನೆಯ ಚರಿತ್ರೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಶ್ವಾಸನಾಳದ ಗೋಡೆಯಲ್ಲಿ ನಮ್ಮ ಮಾತು ಕೇಳದ ಅನೈಚ್ಛಿಕ ಸ್ನಾಯುಗಳಿವೆ. ಅವು ಬಿಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಬಿಗಿಯುವಂತೆ ಅವಕ್ಕೆ ಹೇಳುವವರು ಯಾರು?

1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಕಣಗಳು ತುಂಬಿದ ಒಂದು ಜೀವಕೋಶಕ್ಕೆ 'ಮಾಸ್ಟ್ ಕೋಶ' ಎಂದು ಹೆಸರಿಟ್ಟರು. 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ, ಹಿಸ್ಟಮಿನ್ ಎಂಬ ರಾಸಾಯನಿಕ ಈ ಸ್ನಾಯುಗಳನ್ನು ಬಿಗಿಯುತ್ತದೆ ಎಂದು ತೋರಿಸಿದರು. ಆ ಹಿಸ್ಟಮಿನ್ ಇರುವುದು ಮಾಸ್ಟ್ ಕೋಶಗಳಲ್ಲೇ ಎಂದು ರೈಲಿ ಮತ್ತು ವೆಸ್ಟ್ ತಿಳಿಸಿದ್ದು 1953ರಲ್ಲಿ. ನಮ್ಮನ್ನು ಕಾಯುವ ರೋಗನಿರೋಧಕ ಕೋಶವೇ ಉಸಿರು ಕಟ್ಟಿಸುತ್ತಿತ್ತು!

ಆದರೆ ಹಿಸ್ಟಮಿನ್ ತಡೆಯುವ ಮಾತ್ರೆಗಳು ಸೀನು, ತುರಿಕೆಗೆ ಒದಗಿದಷ್ಟು ಉಬ್ಬಸಕ್ಕೆ ಒದಗಲಿಲ್ಲ. ಅಂದರೆ ಇನ್ನೊಂದು ವಸ್ತು ಇರಬೇಕಿತ್ತು. ಅದರ ಸುಳಿವು 1938ರಲ್ಲೇ ಸಿಕ್ಕಿತ್ತು. ಯಹೂದಿಯೆಂಬ ಕಾರಣಕ್ಕೆ ಹಿಟ್ಲರನ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡಿದ್ದ ವಿಲ್ಹೆಲ್ಮ್ ಫೆಲ್ಡ್‌ಬರ್ಗ್, ಆಸ್ಟ್ರೇಲಿಯಾದಲ್ಲಿ ಚಾರ್ಲ್ಸ್ ಕೆಲ್ಲಾವೇ ಜೊತೆಗೂಡಿ ಗಿನಿಪಿಗ್‌ನ ಶ್ವಾಸಕೋಶಕ್ಕೆ ನಾಗರಹಾವಿನ ವಿಷ ಹಾಯಿಸಿದರು. ಹೊರಬಂದ ದ್ರವದಲ್ಲಿ ಹಿಸ್ಟಮಿನ್ ಮಾತ್ರ ಇರಲಿಲ್ಲ. ಕರುಳಿನ ತುಣುಕನ್ನು ನಿಧಾನವಾಗಿ, ಬಹಳ ಹೊತ್ತು ಬಿಗಿಹಿಡಿಯುವ ಮತ್ತೊಂದು ವಸ್ತುವೂ ಇತ್ತು. ಅದನ್ನು 'ನಿಧಾನವಾಗಿ ವರ್ತಿಸುವ ವಸ್ತು' ಎಂದೇ ಕರೆದರು.

ಅದು ಏನೆಂದು ತಿಳಿಯಲು ನಲವತ್ತು ವರ್ಷ ಹಿಡಿಯಿತು. ಈ ನಡುವೆ 1966ರಲ್ಲಿ, ಅಮೆರಿಕದ ಡೆನ್ವರ್‌ನಲ್ಲಿದ್ದ ಜಪಾನಿ ದಂಪತಿ ತೆರುಕೋ ಮತ್ತು ಕಿಮಿಶಿಗೆ ಇಶಿಝಾಕಾ ಅಲರ್ಜಿಯ ಪ್ರತಿಕಾಯವಾದ ಐಜಿಇಯನ್ನು ಕಂಡುಹಿಡಿದರು. ಅದು ಮಾಸ್ಟ್ ಕೋಶಕ್ಕೆ ಅಂಟಿ ಕೂತು ಅದನ್ನು ಕೆರಳಿಸುವ ಬಗೆಯನ್ನು ತಿಳಿಸಿದ ಸಂಶೋಧನೆಯಲ್ಲಿ ತೆರುಕೋ ಅವರ ಪಾಲು ದೊಡ್ಡದು. ಕೊನೆಗೆ 1979ರಲ್ಲಿ ಸ್ವೀಡನ್ನಿನ ಬೆಂಗ್ಟ್ ಸ್ಯಾಮುಯೆಲ್ಸನ್ ತಂಡ ಆ ನಿಧಾನದ ವಸ್ತುವಿನ ಗುರುತು ಹಚ್ಚಿತು. ಅದೇ ಲ್ಯೂಕೋಟ್ರೈಯೀನ್. ಶ್ವಾಸನಾಳವನ್ನು ಬಿಗಿಯುವುದರಲ್ಲಿ ಅದು ಹಿಸ್ಟಮಿನ್‌ಗಿಂತ ಸುಮಾರು ಸಾವಿರ ಪಟ್ಟು ಬಲಶಾಲಿ. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮಾಂಟೆಲುಕಾಸ್ಟ್, ಈ ಸಂದೇಶ ಸ್ನಾಯುವಿಗೆ ತಲುಪದಂತೆ ತಡೆಯುತ್ತದೆ.

ಸಾಫ್ಟ್‌ವೇರ್‌ನಲ್ಲಿ ದೋಷದ ಮೂಲ ಹುಡುಕುವ ಕೆಲಸ ನನ್ನದು. ಅದಕ್ಕೇ ಈ ಚರಿತ್ರೆ ನನ್ನನ್ನು ಹಿಡಿದು ಕೂರಿಸಿತು. ನನ್ನ ಮಗಳಿಗೆ ಉಬ್ಬಸ ಶುರುವಾದಾಗ "ಮೊಸರನ್ನ ಕೊಟ್ಟೆಯಾ? ತಲೆಗೆ ನೀರು ಹಾಕಿದೆಯಾ?" ಎಂದು ಎಲ್ಲರೂ ಕೇಳಿದ್ದು ನನ್ನನ್ನೇ. ಎಷ್ಟೋ ತಾಯಂದಿರು ಇಂಥ ಮಾತಿಗೆ ಹೆದರಿ ಮಗುವಿನ ಇನ್‌ಹೇಲರನ್ನು ಬಚ್ಚಿಡುತ್ತಾರೆ. ದಯವಿಟ್ಟು ಬಚ್ಚಿಡಬೇಡಿ. ಧೂಳು, ಹೊಗೆ, ಪರಾಗ, ಇವುಗಳಲ್ಲಿ ಮಗುವಿಗೆ ಯಾವುದು ಆಗುವುದಿಲ್ಲ ಎಂದು ವೈದ್ಯರ ಜೊತೆ ಕೂತು ಹುಡುಕಿ. ನೂರು ವರ್ಷ ಹುಡುಕಿದ ವಿಜ್ಞಾನಿಗಳಿಗೆ ಸಿಕ್ಕಿದ್ದು ಒಂದು ಕೋಶ, ಒಂದು ಪ್ರತಿಕಾಯ, ಕೆಲವು ರಾಸಾಯನಿಕಗಳು. ತಾಯಿಯ ತಪ್ಪು ಎಲ್ಲಿಯೂ ಸಿಗಲಿಲ್ಲ.