ಮಾನ್ಯಖೇಟದಲ್ಲಿ ಕೇಳಿಬಂದ ಮೋಸದ ಕಥೆ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲುಗಾಡಿ ಚಿತ್ತಾಪುರವನ್ನು ದಾಟಿದ ಮೇಲೆ, ಸೇಡಂ ಬರುವುದಕ್ಕೆ ಮುಂಚೆ, ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣವೊಂದು ಸಿಕ್ಕುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ತೆರೆದ ದಾರಿಯಿದು. ಕಿಟಕಿಯಾಚೆ ಕಾಣುವುದು ತೊಗರಿಯ ಹೊಲ, ಹಾಸುಗಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯ ಚಿಮಣಿ. ಈ ಸೀಮೆಯೊಡನೆ ನಮ್ಮ ನಗರವಾಸಿಗಳಿಗಿರುವ ಸಂಬಂಧ ಬಹುಮಟ್ಟಿಗೆ ಕಾಲಿನ ಕೆಳಗಿನದು: ಮನೆಯ ನೆಲಕ್ಕೆ ಹಾಸಿದ ಶಹಾಬಾದಿನ ಕಲ್ಲು ಇಲ್ಲಿಯದು. ಚಿಂಚೋಳಿ ಸೀಮೆಯ ನೀರನ್ನು ಕೂಡಿಸಿಕೊಂಡು ಹರಿಯುವ ಕಾಗಿಣಾ ನದಿಯ ದಡದಲ್ಲಿ, ಬಿದ್ದ ಕೋಟೆಯೊಂದನ್ನು ಪಕ್ಕಕ್ಕಿಟ್ಟುಕೊಂಡು, ಮಳಖೇಡ ಎಂಬ ಊರಿದೆ. ಗಾಡಿಯಲ್ಲಿ ಕುಳಿತವರು ಯಾರೂ ಅದರ ಕಡೆಗೆ ತಲೆಯೆತ್ತಿ ನೋಡುವುದಿಲ್ಲ.

ಇತ್ತೀಚೆಗೆ ನಮ್ಮ ಮನೆಗಳಲ್ಲಿ ಕೊರಿಯಾ ದೇಶದ ಪ್ರಣಯ ಧಾರಾವಾಹಿಗಳ ಮಾತು ಹೆಚ್ಚಾಗಿದೆ. ಅವುಗಳ ಕಥೆಯ ಜಾಡು ಬಹುಮಟ್ಟಿಗೆ ಒಂದೇ. ಯಾರೋ ಒಬ್ಬರು ಸುಳ್ಳು ಹೆಸರಿನಲ್ಲೋ, ಸೇಡಿನ ಉದ್ದೇಶದಿಂದಲೋ ಇನ್ನೊಬ್ಬರ ಬಳಿಗೆ ಬರುತ್ತಾರೆ, ಬಯಸದ ಒಲವು ಹುಟ್ಟುತ್ತದೆ, ಸುಳ್ಳು ಬಯಲಾಗುತ್ತದೆ, ಆಮೇಲೆ ಮಳೆ, ಕಣ್ಣೀರು, ಆಸ್ಪತ್ರೆ. ಮನೆಯ ಕಿರಿಯರು ಊಟ ಮರೆತು ನೋಡುತ್ತಾರೆ. ಹಿರಿಯರು “ಇದೆಲ್ಲ ನಮ್ಮದಲ್ಲ” ಎಂದು ಮೂಗು ಮುರಿಯುತ್ತಾರೆ. ನಾನೂ ವಯಸ್ಸಿನಲ್ಲಿ ಮೂಗು ಮುರಿಯುವವರ ಸಾಲಿಗೇ ಸೇರಿದವನು. ಆದರೆ ನಮ್ಮದಲ್ಲವೆಂದು ಹೇಳುವುದಕ್ಕೆ ಮುಂಚೆ ಮಳಖೇಡ ರೋಡಿನಲ್ಲಿ ಒಮ್ಮೆ ಇಳಿಯುವುದು ಒಳ್ಳೆಯದು. ಮೋಸದ ಕಥೆ, ಎಣಿಸದ ಒಲವಿನ ಕಥೆ, ಸಾವಿರ ವರ್ಷಗಳ ಹಿಂದೆ ಅಲ್ಲಿಯೇ ಕಾವ್ಯವಾಗಿದೆ.

ಇಂದಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ನೃಪತುಂಗನ ಹೆಸರೂ ಅವನ ಆಸ್ಥಾನದ ‘ಕವಿರಾಜಮಾರ್ಗ’ದ ಹೆಸರೂ ಶಾಲೆಯ ಹುಡುಗರಿಗೂ ಗೊತ್ತು, ಅದನ್ನೇ ಮತ್ತೆ ಹೇಳಿ ಓದುಗರನ್ನು ಬೇಸರಪಡಿಸಲಾರೆ. ನಾನು ಹೇಳಹೊರಟದ್ದು ಅವನಿಗಿಂತ ಒಂದು ಶತಮಾನ ಈಚಿನ ಮಾತು. ಆಗ ಮುಮ್ಮಡಿ ಕೃಷ್ಣನ ಆಳ್ವಿಕೆ (939–967). ಚೋಳರನ್ನು ಸೋಲಿಸಿ ದಕ್ಷಿಣದ ತುದಿಯವರೆಗೆ ಹೋಗಿಬಂದ ಅರಸು. ನಮ್ಮ ಪೊನ್ನನಿಗೆ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನು ಕೊಟ್ಟವನೂ ಅವನೇ.

ಈ ರಾಜಧಾನಿಯ ಹೊರಗಿನ ತೋಪೊಂದಕ್ಕೆ ಒಂದು ದಿನ ದಾರಿ ನಡೆದು ದಣಿದ ಮನುಷ್ಯನೊಬ್ಬ ಬಂದು ಕುಳಿತ. ಬಡಕಲು ದೇಹ, ಕಪ್ಪು ಬಣ್ಣ, ರೂಪವಿಲ್ಲ, ಮನೆಯಿಲ್ಲ. ಇದು ನಾನು ಕಟ್ಟಿದ ವರ್ಣನೆಯಲ್ಲ, ತನ್ನನ್ನು ಕುರಿತು ಅವನೇ ಬರೆದುಕೊಂಡದ್ದು. ಹೆಸರು ಪುಷ್ಪದಂತ. ಹುಟ್ಟಿದ್ದು ಬ್ರಾಹ್ಮಣರ ಮನೆಯಲ್ಲಿ, ಆಮೇಲೆ ಜೈನನಾದವನು. ಇಬ್ಬರು ಬಂದು, “ಇಲ್ಲೇಕೆ ಕುಳಿತಿರಿ, ಊರೊಳಗೆ ಬನ್ನಿ” ಎಂದು ಕರೆದರು. ದುರ್ಜನರ ಗಂಟುಹುಬ್ಬನ್ನು ನೋಡುವುದಕ್ಕಿಂತ ಬೆಟ್ಟದ ಗುಹೆಯಲ್ಲಿ ಸೊಪ್ಪು ತಿಂದಿರುವುದು ಲೇಸು ಎಂಬ ಅರ್ಥದ ಉತ್ತರ ಕೊಟ್ಟ. ತನಗೆ ತಾನೇ ‘ಅಭಿಮಾನಮೇರು’ ಎಂದು ಹೆಸರಿಟ್ಟುಕೊಂಡವನಿಂದ ಬೇರೆ ಮಾತನ್ನು ನಿರೀಕ್ಷಿಸುವಂತಿಲ್ಲ. ಕೊನೆಗೆ ಮಂತ್ರಿ ಭರತನ ಹೆಸರು ಹೇಳಿ ಅವನನ್ನು ಒಪ್ಪಿಸಿ ಕರೆದೊಯ್ದರು. ಭರತನ ಆಶ್ರಯದಲ್ಲಿ 959ರಲ್ಲಿ ‘ಮಹಾಪುರಾಣ’ವನ್ನು ಆರಂಭಿಸಿ 965ರಲ್ಲಿ ಮುಗಿಸಿದ. ಆಮೇಲೆ ಭರತನ ಮಗ ನಣ್ಣನ ಮನೆಯಲ್ಲಿದ್ದುಕೊಂಡು ಎರಡು ಸಣ್ಣ ಕಾವ್ಯಗಳನ್ನು ಬರೆದ. ಅವುಗಳಲ್ಲಿ ಒಂದು ‘ಜಸಹರಚರಿಉ’, ಎಂದರೆ ಯಶೋಧರ ಚರಿತೆ. ಭಾಷೆ ಅಪಭ್ರಂಶ. ಕನ್ನಡದ ರಾಜಧಾನಿಯಲ್ಲಿ ಕುಳಿತು ಅಪಭ್ರಂಶದಲ್ಲಿ ಬರೆದನಲ್ಲ ಎಂದು ನಾವು ಮುನಿಸಿಕೊಳ್ಳಬೇಕಾಗಿಲ್ಲ. ಆ ಭಾಷೆಯನ್ನು ಕೇಳಿ ಸವಿಯುವ ಮಂತ್ರಿಗಳಿದ್ದ ನಗರ ಅದು ಎಂಬುದನ್ನು ನೆನೆದರೆ ಸಾಕು.

ಕಥೆಯನ್ನು ಚುಟುಕಾಗಿ ಹೇಳುತ್ತೇನೆ; ಜನ್ನನನ್ನು ಓದಿದವರು ಎರಡು ಪ್ಯಾರಾ ದಾಟಬಹುದು. ಮಾರಿದತ್ತನೆಂಬ ರಾಜ ಚಂಡಮಾರಿಯ ಗುಡಿಯಲ್ಲಿ ನರಬಲಿ ಕೊಡಲು ಒಂದು ಜೋಡಿಯನ್ನು ಹಿಡಿತರಿಸುತ್ತಾನೆ. ಬಂದವರು ಅಭಯರುಚಿ, ಅಭಯಮತಿ ಎಂಬ ಎಳೆಯ ವಯಸ್ಸಿನ ಅಣ್ಣ-ತಂಗಿ, ಜೈನ ವ್ರತಸ್ಥರು. ಸಾವಿನ ಮುಂದೆ ನಿಂತೂ ಅವರು ನಗುಮುಖದಲ್ಲಿರುವುದನ್ನು ಕಂಡು ರಾಜ ಕಾರಣ ಕೇಳುತ್ತಾನೆ. ಹುಡುಗ ತನ್ನ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾನೆ: ಒಂದಾನೊಂದು ಜನ್ಮದಲ್ಲಿ ನಾನು ಉಜ್ಜಯಿನಿಯ ರಾಜ ಯಶೋಧರ, ಈ ತಂಗಿ ಆಗ ನನ್ನ ತಾಯಿ ಚಂದ್ರಮತಿ.

ಯಶೋಧರನಿಗೆ ಅಮೃತಮತಿ ಎಂಬ ರಾಣಿ. ರೂಪ, ಐಶ್ವರ್ಯ, ಗಂಡನ ಒಲವು ಯಾವುದಕ್ಕೂ ಕೊರತೆಯಿಲ್ಲ. ಒಂದು ರಾತ್ರಿ ಅವಳು ಗಂಡನ ತೋಳಿನಿಂದ ಮೆಲ್ಲನೆ ಜಾರಿ ಹೊರಗೆ ಹೋಗುತ್ತಾಳೆ. ಕತ್ತಿ ಹಿಡಿದು ಹಿಂದೆ ಹೋದ ರಾಜ ಕಾಣುವುದೇನು? ವಿಕಾರರೂಪಿನ ಸೇವಕನೊಬ್ಬ ತಡವಾಗಿ ಬಂದಳೆಂದು ಅವಳನ್ನು ಹೊಡೆಯುತ್ತಾನೆ; ಅವಳು ಅವನ ಕಾಲಿಗೆ ಬೀಳುತ್ತಾಳೆ. ರಾಜ ಎತ್ತಿದ ಕತ್ತಿಯನ್ನು ಇಳಿಸಿ ಹಿಂತಿರುಗುತ್ತಾನೆ. ಮರುದಿನ ತಾಯಿಯ ಮುಂದೆ, “ಅಮ್ಮಾ, ಕೆಟ್ಟ ಕನಸು ಕಂಡೆ” ಎನ್ನುತ್ತಾನೆ. ತಾಯಿ ಕನಸಿನ ಶಾಂತಿಗೆ ಪ್ರಾಣಿಬಲಿ ಆಗಬೇಕೆನ್ನುತ್ತಾಳೆ. ಮಗ ಹಿಂಸೆಗೆ ಒಪ್ಪುವುದಿಲ್ಲ. ಇಬ್ಬರಿಗೂ ಸರಿಬೀಳುವಂತೆ ಹಿಟ್ಟಿನಿಂದ ಒಂದು ಕೋಳಿಯನ್ನು ಮಾಡಿ ಕಡಿಯುತ್ತಾರೆ. ಜನ್ನ ಹೇಳುವಂತೆ, ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿತು. ಗುಟ್ಟು ರಟ್ಟಾಯಿತೆಂದು ಅರಿತ ರಾಣಿ ಅತ್ತೆಗೂ ಗಂಡನಿಗೂ ವಿಷದ ಊಟ ಬಡಿಸುತ್ತಾಳೆ. ಅಲ್ಲಿಂದ ಮುಂದೆ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು ಎಂದು ಹುಟ್ಟಿ ಹುಟ್ಟಿ ಸಾಯುತ್ತಾರೆ. ಕೊನೆಗೆ ಕೋಳಿಗಳಾಗಿ ಯಶೋಧರನ ಮಗನ ಬಾಣಕ್ಕೇ ಸಿಕ್ಕಿ, ಅವನ ಹೆಂಡತಿಯ ಹೊಟ್ಟೆಯಲ್ಲಿ ಅವಳಿಗಳಾಗಿ ಹುಟ್ಟುತ್ತಾರೆ. ಅವರೇ ಈ ಅಭಯರುಚಿ, ಅಭಯಮತಿ. ಕಥೆ ಕೇಳಿದ ಮಾರಿದತ್ತ ಕತ್ತಿ ಕೆಳಗಿಡುತ್ತಾನೆ.

ಈ ಕಥೆಯನ್ನು ಪುಷ್ಪದಂತನೇ ಮೊದಲು ಹೇಳಿದವನಲ್ಲ. ಎಂಟನೆಯ ಶತಮಾನದ ಹರಿಭದ್ರ ತನ್ನ ಪ್ರಾಕೃತ ಕಥಾಗ್ರಂಥದಲ್ಲಿ ಇದನ್ನು ಹೇಳಿದ್ದ. ಇನ್ನೂ ಸೋಜಿಗವೆಂದರೆ, ಪುಷ್ಪದಂತ ಮಾನ್ಯಖೇಟದಲ್ಲಿ ಮಹಾಪುರಾಣಕ್ಕೆ ಕೈಹಾಕಿದ ಆ 959ರಲ್ಲೇ, ಅದೇ ಮುಮ್ಮಡಿ ಕೃಷ್ಣನ ಸಾಮಂತನಾದ ವೇಮುಲವಾಡದ ಚಾಲುಕ್ಯನ ಆಶ್ರಯದಲ್ಲಿ, ಗಂಗಾಧರವೆಂಬ ಊರಿನಲ್ಲಿ ಸೋಮದೇವಸೂರಿ ಸಂಸ್ಕೃತದಲ್ಲಿ ‘ಯಶಸ್ತಿಲಕ ಚಂಪು’ವನ್ನು ಮುಗಿಸಿದ. ಅದೂ ಯಶೋಧರನ ಕಥೆಯೇ. ಪಂಪನನ್ನು ಸಾಕಿದ ಅರಿಕೇಸರಿಯ ಮನೆತನ ಅದು. ಒಬ್ಬ ಚಕ್ರವರ್ತಿಯ ನೆರಳಿನಲ್ಲಿ ಇಬ್ಬರು ದೊಡ್ಡ ಕವಿಗಳು ಈ ಒಂದು ಸಂಸಾರದ ಒಡಕಿಗೆ ಮನಸ್ಸು ಕೊಟ್ಟರೆಂದರೆ, ಅದು ಬರಿಯ ಧರ್ಮೋಪದೇಶದ ಆಸೆಯಿಂದ ಮಾತ್ರ ಆಗಿರಲಾರದು.

ಅವರನ್ನು ಕಾಡಿದ್ದು ಏನು? ರಾಣಿಯ ಜಾರತನ ಎಂದು ಮೇಲುನೋಟಕ್ಕೆ ಹೇಳಿಬಿಡಬಹುದು. ಪಂಡಿತರು ಬಹುಕಾಲ ಹಾಗೆಯೇ ಹೇಳಿದರು. ನನಗೆ ಹಾಗೆ ತೋರುವುದಿಲ್ಲ. ಕಥೆಯನ್ನು ಇನ್ನೊಮ್ಮೆ ನೋಡಿ: ಅದನ್ನು ಕೆಡಿಸುವ ಮೊದಲ ಸುಳ್ಳು ಯಾರದು? ರಾಣಿ ರಾತ್ರಿ ಎದ್ದುಹೋಗುವುದು ಮೋಸ, ನಿಜ. ಆದರೆ ಹಿಟ್ಟಿನ ಕೋಳಿಗೂ, ವಿಷಕ್ಕೂ, ಏಳೆಂಟು ಜನ್ಮಗಳ ಯಾತನೆಗೂ ನೇರವಾಗಿ ಕಾರಣವಾದದ್ದು ರಾಜನ ಕನಸಿನ ಸುಳ್ಳು. ಕಣ್ಣಾರೆ ಕಂಡದ್ದನ್ನು ಅವನು ಹೆಂಡತಿಗೆ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಹೆಂಡತಿಗೆ ಅವನು ಸೂಚಿಸಿದ್ದು ಹೂವಿನ ಮೂಲಕ: ಜನ್ನನಲ್ಲಿ ರಾಜ ಮರುದಿನ ವಿನೋದಕ್ಕೆಂಬಂತೆ ನೈದಿಲೆಯಿಂದ ಅವಳನ್ನು ತಟ್ಟುತ್ತಾನೆ, ಅವಳು ಮೂರ್ಛೆಹೋದಂತೆ ಬೀಳುತ್ತಾಳೆ. ರಾತ್ರಿ ಏಟು ತಿಂದವಳಿಗೆ ಹಗಲು ಹೂವಿನ ಏಟು ಭಾರವಾಯಿತು! ಇಬ್ಬರೂ ನಟಿಸುತ್ತಿದ್ದಾರೆ, ಇಬ್ಬರಿಗೂ ಅದು ಗೊತ್ತಿದೆ. ಸಂಸಾರವೆಂಬುದು ಎಲ್ಲಿಗೆ ಬಂದು ನಿಂತಿತೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಸನ್ನಿವೇಶ ನಮ್ಮ ಸಾಹಿತ್ಯದಲ್ಲಿ ಅಪರೂಪ.

ಒಂದು ಸುಳ್ಳು ಇನ್ನೊಂದನ್ನು ಹಡೆಯಿತು. ಸುಳ್ಳು ಕನಸಿಗೆ ಸುಳ್ಳು ಕೋಳಿ. ತಾಯಿಗೆ ಬಲಿ ಕೊಟ್ಟ ಸಮಾಧಾನ, ಮಗನಿಗೆ ಕೊಲ್ಲದ ಸಮಾಧಾನ. ಜೈನಕವಿಗಳು ಇಲ್ಲಿ ಪಟ್ಟು ಬಿಡುವುದಿಲ್ಲ: ಕಡಿದದ್ದು ಹಿಟ್ಟಾದರೂ ಕಡಿಯುವ ಸಂಕಲ್ಪ ನಿಜವಾದ್ದರಿಂದ ಪಾಪವೂ ನಿಜ. ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುವ ನಮ್ಮಂಥವರಿಗೆ ಈ ವಾದ ಸ್ವಲ್ಪ ಕಟುವಾಗಿ ಕೇಳಿಸೀತು.

ಇನ್ನು ಆ ಒಲವು. ಅದಕ್ಕೆ ಕಾರಣವನ್ನು ಹುಡುಕಿ ಕವಿಗಳು ದಣಿದಿದ್ದಾರೆ. ಪುಷ್ಪದಂತನಲ್ಲಿ ಅಮೃತಮತಿ ಒಲಿದದ್ದು ಒಬ್ಬ ಗೂನನಿಗೆ. ಜನ್ನನಲ್ಲಿ ಅವನು ಅಷ್ಟಾವಂಕನೆಂಬ ಮಾವತಿಗ. ನಸುಕಿನಲ್ಲಿ ಅವನು ಹಾಡಿದ ಹಾಡು ಅರಮನೆಯ ಮಾಡದವರೆಗೆ ಬಂದು ರಾಣಿಯ ಕಿವಿಗೆ ಬಿದ್ದಿತು. ಮುಖ ನೋಡುವ ಮೊದಲೇ ಮನಸ್ಸು ಹೋಗಿತ್ತು. ಅವನನ್ನು ನೋಡಿಬಂದ ಗೆಳತಿ ಹೇಸಿ ವರ್ಣಿಸಿದರೂ ಅವಳು ಕೇಳಲಿಲ್ಲ. ಈ ಹಾಡು ಕಥೆಗೆ ಸಿಕ್ಕಿದ ದೊಡ್ಡ ವರವೆಂದು ನನ್ನ ಎಣಿಕೆ. ಹಾಡಿಲ್ಲದಿದ್ದರೆ ಅವಳು ಬರಿಯ ಕಾಮುಕಿ. ಹಾಡು ಬಂದಮೇಲೆ ಅವಳನ್ನು ಹಾಗೆ ಕರೆಯಲು ನಾಲಿಗೆ ಏಳುವುದಿಲ್ಲ. ಕೊರಿಯಾದ ಧಾರಾವಾಹಿಯಲ್ಲಿ ಮೋಸ ಮೊದಲು, ಒಲವು ಆಮೇಲೆ. ಆದ್ದರಿಂದ ಒಲವು ಮೋಸವನ್ನು ತೊಳೆಯಬಲ್ಲುದು. ಇಲ್ಲಿ ಒಲವು ಮೊದಲು ಬಂದಿತು, ಮೋಸ ಅದರ ಬೆನ್ನಿಗೆ ಬಂದಿತು. ತೊಳೆಯುವುದಕ್ಕೆ ಏನೂ ಉಳಿಯಲಿಲ್ಲ.

ಅಷ್ಟೂ ಜನ್ಮಗಳ ಮೇಲೆ ನಿಜವನ್ನು ಬಾಯಿಬಿಟ್ಟು ಹೇಳಿದವನು ಯಶೋಧರನೇ, ಅಭಯರುಚಿಯ ರೂಪದಲ್ಲಿ. ತಾಯಿಯಾಗಿದ್ದವಳು ತಂಗಿಯಾಗಿ ಪಕ್ಕದಲ್ಲಿ ನಿಂತು ಕೇಳುತ್ತಾಳೆ. ಅಂದು ಅರಮನೆಯಲ್ಲಿ ಹೇಳಬೇಕಾಗಿದ್ದ ಮಾತು ಬಲಿಪೀಠದ ಮುಂದೆ ಹೊರಗೆ ಬಂದಿತು. ಆದರೆ ಅಮೃತಮತಿ ಅಲ್ಲಿಲ್ಲ. ಅವಳನ್ನು ಕುಷ್ಠರೋಗಕ್ಕೂ ನರಕಕ್ಕೂ ಕಳುಹಿಸಿಯಾಗಿದೆ. ನಮಗೆ ದೊರೆತಿರುವುದೆಲ್ಲ ಗಂಡನ ಕಡೆಯ ಸಾಕ್ಷ್ಯ. ಇದನ್ನು ಮರೆತು ಅವಳ ಮೇಲೆ ತೀರ್ಪು ಕೊಡುವುದು ಸರಿಯಲ್ಲ. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ರಾಣಿಗೆ ಅವಳ ಕಡೆಯ ಮಾತನ್ನು ಆಡಿಸಿದರು, ಸಾವಿರ ವರ್ಷ ತಡವಾಯಿತು ಅಷ್ಟೆ.

ಕಥೆ ಮಾತ್ರ ಸುಮ್ಮನೆ ಕೂತಿರಲಿಲ್ಲ. ಪುಷ್ಪದಂತನ ಕಾವ್ಯ ಉತ್ತರಕ್ಕೆ ಹೋಯಿತು. ಅಲ್ಲಿ ಓದಿದ ಸಾಹುಕಾರನೊಬ್ಬನಿಗೆ ಏನೋ ಸಾಲದೆನ್ನಿಸಿತು. ಅವನ ಕೋರಿಕೆಯಂತೆ 1308ರಲ್ಲಿ ಗಂಧರ್ವನೆಂಬ ಕವಿ ಮೂರು ಭಾಗಗಳನ್ನು ಸೇರಿಸಿದ. ಅವುಗಳಲ್ಲಿ ಒಂದು ಯಶೋಧರನ ಮದುವೆಯ ವರ್ಣನೆ! ಮದುವೆಯ ಸಂಭ್ರಮವನ್ನು ನೋಡದೆ ಮುರಿದ ಸಂಸಾರಕ್ಕೆ ಅಳುವುದು ಹೇಗೆಂದು ಆ ಸಾಹುಕಾರ ಕೇಳಿರಬೇಕು. ಇಂದಿನ ಧಾರಾವಾಹಿಯ ನಿರ್ಮಾಪಕರಿಗೆ ಅವನ ಮನಸ್ಸು ಚೆನ್ನಾಗಿ ಅರ್ಥವಾದೀತು. ಗಂಧರ್ವ ತಾನು ಸೇರಿಸಿದ್ದು ಯಾವುದೆಂದು ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾನೆಂಬುದು ಅವನ ದೊಡ್ಡ ಗುಣ. ಮೋಸದ ಕಥೆಗೆ ಕೈಹಾಕಿದರೂ ಅವನು ಮೋಸ ಮಾಡಲಿಲ್ಲ. 1931ರಲ್ಲಿ ಪಿ. ಎಲ್. ವೈದ್ಯರು ಇದನ್ನು ಸಂಪಾದಿಸಿ ಕಾರಂಜಾದಿಂದ ಅಚ್ಚುಹಾಕಿಸಿದರು.

ಕನ್ನಡಕ್ಕೆ ಕಥೆ ಬಂದದ್ದು ಹೊಯ್ಸಳರ ನಾಡಿನಲ್ಲಿ, ವೀರಬಲ್ಲಾಳನ ಕಾಲದಲ್ಲಿ: 1209ರ ಜನ್ನನ ‘ಯಶೋಧರ ಚರಿತೆ’. ಅವನಿಗೆ ನೇರವಾಗಿ ಮಾದರಿಯಾದದ್ದು ವಾದಿರಾಜನ ಸಂಸ್ಕೃತ ಕಾವ್ಯ, ಪುಷ್ಪದಂತನಲ್ಲ. ಬಹುಪಾಲು ಕಂದಪದ್ಯಗಳಲ್ಲೇ, ಒಂದು ಮಾತೂ ಹೆಚ್ಚಿಲ್ಲದಂತೆ, ಅವನು ಮುಗಿಸಿದ್ದಾನೆ. ಮುಂದೆ 1230ರ ‘ಅನಂತನಾಥ ಪುರಾಣ’ದಲ್ಲಿ ಅದೇ ಜನ್ನ ಗೆಳೆಯನ ಹೆಂಡತಿ ಸುನಂದೆಯನ್ನು ಮೋಹಿಸಿ ಕದ್ದೊಯ್ದ ಚಂಡಶಾಸನನ ಕಥೆಯನ್ನು ಹೇಳಿದ. ಗಂಡ ಸತ್ತನೆಂದು ಮೋಸದಿಂದ ನಂಬಿಸಿದಾಗ ಅವಳು ಪ್ರಾಣಬಿಡುತ್ತಾಳೆ. ಮೋಸ ಮಾಡಿದವನು ಅವಳ ಚಿತೆಯಲ್ಲೇ ಬೆಂದುಹೋಗುತ್ತಾನೆ. ಇದರ ಮುಂದೆ ಯಾವ ದೇಶದ ಧಾರಾವಾಹಿಯೂ ಸಪ್ಪೆ.

ಮತ್ತೆ ಮಳಖೇಡಕ್ಕೆ ಬರೋಣ. ಮುಮ್ಮಡಿ ಕೃಷ್ಣ 967ರಲ್ಲಿ ತೀರಿಕೊಂಡ. ಐದೇ ವರ್ಷ, 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಮಾನ್ಯಖೇಟವನ್ನು ಸೂರೆಮಾಡಿದ. ಸೂರೆಹೋದ ಸುದ್ದಿಯನ್ನು ಆ ಕಡೆಯ ಧನಪಾಲನೆಂಬ ಪಂಡಿತ ತನ್ನ ಪ್ರಾಕೃತ ನಿಘಂಟನ್ನು ಬರೆದ ಕಾಲವನ್ನು ಸೂಚಿಸಲು ಬಳಸಿಕೊಂಡಿದ್ದಾನೆ. ಅವರಿಗೆ ಅದು ಹೆಮ್ಮೆಯ ಗುರುತು. ಈ ಕಡೆ ಪುಷ್ಪದಂತನ ಶ್ಲೋಕವೊಂದು ಮಹಾಪುರಾಣದ ಕೆಲವು ಹಸ್ತಪ್ರತಿಗಳಲ್ಲಿ ಉಳಿದಿದೆ. ದೀನರಿಗೂ ಅನಾಥರಿಗೂ ಧನವಾಗಿದ್ದ, ಹೂದೋಟಗಳ ಆ ನಗರ ಧಾರೆಯ ಅರಸನ ಕೋಪದಲ್ಲಿ ಸುಟ್ಟುಹೋಯಿತು, ಇನ್ನು ತಾನು ಎಲ್ಲಿ ವಾಸಮಾಡಲಿ ಎಂದು ಅದರಲ್ಲಿ ಕೇಳುತ್ತಾನೆ. ಊರೊಳಗೆ ಬರಲು ಒಲ್ಲೆನೆಂದು ತೋಪಿನಲ್ಲಿ ಕುಳಿತಿದ್ದವನ ಮಾತು ಇದು.

ಜಸಹರಚರಿಉ ಬರೆದದ್ದು ಈ ಸೂರೆಯ ಮೇಲೆ ಎಂದು ವಿದ್ವಾಂಸರು ಊಹಿಸುತ್ತಾರೆ. ಊಹೆಗೆ ಆಧಾರ ಕಾವ್ಯದ ಕೊನೆಯಲ್ಲೇ ಇದೆ. ನಾಡು ಸತ್ವಗೆಟ್ಟಿದೆ, ಘೋರ ಕ್ಷಾಮ ಬಿದ್ದಿದೆ, ತಲೆಬುರುಡೆಗಳೂ ಮನುಷ್ಯರ ಎಲುಬುಗಳೂ ಬಿದ್ದಿವೆ ಎಂದು ಕವಿ ಬರೆಯುತ್ತಾನೆ. ಅಂಥ ಕಾಲದಲ್ಲಿ ನಣ್ಣ ತನಗೆ ಒಳ್ಳೆಯ ಮನೆ, ರುಚಿಯಾದ ಊಟ, ನಯವಾದ ಬಟ್ಟೆ, ತಾಂಬೂಲ ಕೊಟ್ಟು ನೋಡಿಕೊಂಡನೆಂದು ನೆನೆಯುತ್ತಾನೆ. ಮನೆಯ ಹೊರಗೆ ಹಾಗಿದ್ದಾಗ ಒಳಗೆ ಕುಳಿತು ಅವನು ಬರೆಯುತ್ತಿದ್ದದ್ದು, ಹೆಂಡತಿಯ ವಿಷಯ ತಾಯಿಗೆ ಹೇಳಲಾರದೆ ಕನಸೆಂದು ಸುಳ್ಳಾಡಿದ ಒಬ್ಬ ಗಂಡನನ್ನು ಕುರಿತು.