ಏಡ್ಸ್ ರೋಗ: ಜುಗುಪ್ಸೆ, ಸತ್ಯ ಮತ್ತು ಔಷಧದ ಬೆಲೆ

ಚಿಂಚೋಳಿ ತಾಲೂಕಿನ ಕುಂಚಾವರಂ ತೆಲಂಗಾಣದ ಗಡಿಗೆ ಹೊಂದಿಕೊಂಡ, ಕಾಡು ಸುತ್ತುವರಿದ ಊರು. ಆ ಭಾಗದ ತಾಂಡಾಗಳ ಜನರು ಸುಗ್ಗಿ ಮುಗಿದ ಕೂಡಲೇ ಹೈದರಾಬಾದು, ಮುಂಬಯಿ, ಪುಣೆಗಳಿಗೆ ದುಡಿಯಲು ಹೋಗುವುದು ಬಹುಕಾಲದಿಂದ ನಡೆದುಬಂದಿದೆ. ವಾಡಿ ಜಂಕ್ಷನ್ನಿನಿಂದ ಒಂದು ರೈಲುಮಾರ್ಗ ಮುಂಬಯಿಯ ಕಡೆಗೂ, ಮತ್ತೊಂದು ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ಹಾಯ್ದು ಸಿಕಂದರಾಬಾದಿನ ಕಡೆಗೂ ಹೋಗುತ್ತದೆ. ನಮ್ಮ ತೊಗರಿಯೂ ನಮ್ಮ ಕೂಲಿಕಾರರೂ ಹೊರಗೆ ಹೋದದ್ದು ಇದೇ ಮಾರ್ಗದಿಂದ. ಹೋದವರು ಹಣದ ಜೊತೆಗೆ ಒಂದು ರೋಗವನ್ನೂ ತರಬಹುದೆಂಬ ಸುದ್ದಿ ನಮ್ಮ ಅಡತಿ ಅಂಗಡಿಗೆ ತಲುಪಿದ್ದು ತೊಂಬತ್ತರ ದಶಕದಲ್ಲಿ.

ಈ ರೋಗದ ಇತಿಹಾಸ ದೀರ್ಘವಾದುದಲ್ಲ. 1981ರ ಜೂನ್ ತಿಂಗಳಲ್ಲಿ ಅಮೆರಿಕದ ವೈದ್ಯರು ಅದರ ಮೊದಲ ವರದಿಯನ್ನು ಪ್ರಕಟಿಸಿದರು. 1983ರಲ್ಲಿ ಪ್ಯಾರಿಸಿನ ವಿಜ್ಞಾನಿಗಳು ವೈರಾಣುವನ್ನು ಕಂಡುಹಿಡಿದರು. ಭಾರತದಲ್ಲಿ ಇದು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಎಸ್. ನಿರ್ಮಲಾ ಎಂಬ ವಿದ್ಯಾರ್ಥಿನಿ ಲೈಂಗಿಕ ವೃತ್ತಿಯ ಸ್ತ್ರೀಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿ, ಪರೀಕ್ಷೆಗೆ ವೆಲ್ಲೂರಿಗೆ ಒಯ್ದರು. ಅವುಗಳಲ್ಲಿ ಆರು ಮಾದರಿಗಳಲ್ಲಿ ಸೋಂಕು ಕಂಡುಬಂದಿತು. ಇಂತಹ ರೋಗ ನಮ್ಮ ಸಂಸ್ಕೃತಿಯ ನಾಡಿಗೆ ಬರಲಾರದೆಂದು ಹೇಳುತ್ತಿದ್ದವರು ಆ ಮೇಲೂ ಕೆಲವು ವರ್ಷ ಹಾಗೆಯೇ ಹೇಳುತ್ತಿದ್ದರು.

ವೈರಾಣುವು ದೇಹದ ರಕ್ಷಣಾಶಕ್ತಿಯನ್ನು ಮೆಲ್ಲಮೆಲ್ಲನೆ ಕುಂದಿಸುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಕೆಲವು ವರ್ಷಗಳ ನಂತರ ಕ್ಷಯದಂತಹ ಬೇರೆ ರೋಗಗಳು ಒಳನುಗ್ಗುತ್ತವೆ. ಅದು ಹರಡುವುದು ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ ಮತ್ತು ಸೂಜಿಯಿಂದ, ತಾಯಿಯಿಂದ ಶಿಶುವಿಗೆ. ಮುಟ್ಟುವುದರಿಂದ, ಜೊತೆಗೆ ಉಣ್ಣುವುದರಿಂದ, ಒಂದೇ ಲೋಟದಲ್ಲಿ ಕುಡಿಯುವುದರಿಂದ ಹರಡುವುದಿಲ್ಲ. ಇಷ್ಟು ಸಂಗತಿ ಎಂಬತ್ತರ ದಶಕ ಮುಗಿಯುವ ಮೊದಲೇ ವೈದ್ಯಲೋಕಕ್ಕೆ ತಿಳಿದಿತ್ತು. ಆದರೂ ಭೀತಿ ತಗ್ಗಲಿಲ್ಲ. ನೆರೆಯ ಗೋವೆಯಲ್ಲಿ 1989ರ ಫೆಬ್ರವರಿಯಲ್ಲಿ, ರಕ್ತದಾನ ಮಾಡಿದ್ದ ಡೊಮಿನಿಕ್ ಡಿಸೋಜ ಎಂಬ ತರುಣನಿಗೆ ಸೋಂಕು ಇರುವುದು ಗೊತ್ತಾದಾಗ, ಅಲ್ಲಿನ ಸಾರ್ವಜನಿಕ ಆರೋಗ್ಯ ಕಾನೂನಿನ ಬಲದಿಂದ ಆತನನ್ನು 64 ದಿನ ಕಾವಲಿನಲ್ಲಿ ಇಡಲಾಯಿತು. ಆತ ಮಾಡಿದ್ದ ಅಪರಾಧ ಯಾವುದೂ ಇರಲಿಲ್ಲ. ಬಿಡುಗಡೆಯಾದ ಮೇಲೆ ಸೋಂಕಿತರಿಗಾಗಿ ಒಂದು ಸಂಘವನ್ನು ಕಟ್ಟಿ, 1992ರಲ್ಲಿ ತೀರಿಕೊಂಡ.

ಗೋವೆಯ ಸರಕಾರವನ್ನು ದೂರುವ ಮೊದಲು ನನ್ನ ಅಂಗಡಿಯ ಸಂಗತಿಯನ್ನು ಹೇಳುವುದು ನ್ಯಾಯ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಮ್ಮಲ್ಲಿ ತೊಗರಿ ಹಾಕುತ್ತಿದ್ದ ತಾಂಡಾದ ಒಬ್ಬ ಗಿರಾಕಿ ಮುಂಬಯಿಯಿಂದ ತೀರ ಕೃಶನಾಗಿ ಮರಳಿದ. ಊರಲ್ಲಿ ಗುಸುಗುಸು ಹಬ್ಬಿತ್ತು. ಆತ ಹಣಕ್ಕೆ ಕೈ ಚಾಚಿದಾಗ ನಾನು ನೋಟುಗಳನ್ನು ಆ ಕೈಯಲ್ಲಿ ಇಡದೆ ಗಾದಿಯ ಅಂಚಿನಲ್ಲಿ ಇಟ್ಟೆ. ಆತ ಒಂದು ಕ್ಷಣ ನನ್ನನ್ನು ನೋಡಿ, ನೋಟುಗಳನ್ನು ಎತ್ತಿಕೊಂಡು ಹೋದ. ಚಹಾ ಕೊಟ್ಟ ಕಪ್ಪನ್ನು ನಮ್ಮ ಹುಡುಗ ಬೇರೆ ಇಟ್ಟ; ನಾನು ಬೇಡವೆನ್ನಲಿಲ್ಲ. ಅದೇ ವರ್ಷ ಆತ ಸತ್ತ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಎಂದರೆ ರೋಗಪೀಡಿತ ದೇಹವನ್ನು ಕಂಡು ಹೇಸದಿರುವುದು. ಉದ್ದಾಯನ ರಾಜನ ಕಥೆ ವಾಚಕರಿಗೆ ಹೊಸದಲ್ಲ: ರೋಗಿಯಾದ ಮುನಿ ಆಹಾರ ಪಡೆದು ಅವನ ಮೇಲೆಯೇ ವಾಂತಿ ಮಾಡಿದಾಗ, ತಾನು ನೀಡಿದ ಆಹಾರದಲ್ಲಿಯೇ ದೋಷವಿರಬೇಕೆಂದು ರಾಜ ತನ್ನನ್ನೇ ನಿಂದಿಸಿಕೊಂಡ. ಈ ಕಥೆಯನ್ನು ನಾನು ಪರ್ಯೂಷಣದಲ್ಲಿ ಹಲವು ಸಲ ಓದಿ ಹೇಳಿದ್ದೆ. ಹೇಳುವಾಗ ಗಾದಿಯ ಅಂಚಿನ ಆ ನೋಟುಗಳು ನೆನಪಾಗಲು ಬಹಳ ವರ್ಷಗಳು ಬೇಕಾದವು. ಮುನಿಗೆ ಹೇಸದವನು ದೊಡ್ಡವನು ನಿಜ, ಆದರೆ ಪೂಜ್ಯನಲ್ಲದವನ ಮುಂದೆ ಹೇಸದಿರುವುದೇ ಹೆಚ್ಚು ಕಠಿಣವೆಂದು ಈಗ ತೋರುತ್ತದೆ.

ಸ್ವದಾರಸಂತೋಷ ವ್ರತವನ್ನು ಪಾಲಿಸಿದ್ದರೆ ಈ ರೋಗವೇ ಬರುತ್ತಿರಲಿಲ್ಲವೆಂದು ನಮ್ಮಲ್ಲಿ ಕೆಲವರು ವಾದಿಸುವುದುಂಟು. ವ್ರತ ಒಳ್ಳೆಯದು, ಆದರೆ ಅದು ನಮ್ಮನ್ನು ನಾವು ಅಳೆಯುವ ಕೋಲು, ಪರರನ್ನು ಹೊಡೆಯುವುದಕ್ಕಲ್ಲ. ಆ ಗಿರಾಕಿಯ ಹೆಂಡತಿ ತಾಂಡಾ ಬಿಟ್ಟು ಹೋದವಳಲ್ಲ, ಗಂಡನ ಹೊರತು ಅನ್ಯರನ್ನು ಅರಿತವಳಲ್ಲ. ಆಕೆಗೂ ಸೋಂಕು ತಗುಲಿತ್ತು. ನಮ್ಮ ದೇಶದಲ್ಲಿ ಸೋಂಕಿತರಾದ ಗೃಹಿಣಿಯರಲ್ಲಿ ಬಹುಪಾಲು ಜನರ ಕಥೆ ಇದೇ. ವ್ರತ ಪಾಲಿಸಿದವಳಿಗೆ ಆ ವಾದ ಏನು ಉತ್ತರ ಕೊಡುತ್ತದೆ?

ಇಲ್ಲಿಯೇ ಸತ್ಯದ ಪ್ರಶ್ನೆ ಏಳುತ್ತದೆ. ಪರರಿಗೆ ವಿಪತ್ತು ತರುವಂತಿದ್ದರೆ ನಿಜವನ್ನೂ ನುಡಿಯಬಾರದೆಂದು ಸಮಂತಭದ್ರಾಚಾರ್ಯರು ಶ್ರಾವಕನ ಸತ್ಯಾಣುವ್ರತದಲ್ಲಿ ವಿಧಿಸಿದ್ದಾರೆ. ಒಬ್ಬನ ರೋಗವನ್ನು ಊರಿಗೆ ಸಾರುವುದು ಆ ಬಗೆಯ ನಿಜ. ಅದರಿಂದ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ. ಆದರೆ ಹೆಂಡತಿಗೆ ಹೇಳದೆ ಮುಚ್ಚಿಡುವ ಮೌನವೂ ವಿಪತ್ತೇ ಅಲ್ಲವೇ? ನ್ಯಾಯಾಲಯಗಳೂ ಈ ಇಕ್ಕಟ್ಟಿನಲ್ಲಿ ತೊಳಲಿವೆ. ಕೆಲಸಕ್ಕೆ ಸಮರ್ಥನಾದ ಕೂಲಿಕಾರನನ್ನು ಸೋಂಕಿನ ಕಾರಣದಿಂದಲೇ ಹೊರಗಿಡಬಾರದೆಂದು ಮುಂಬಯಿ ಉಚ್ಚ ನ್ಯಾಯಾಲಯ 1997ರಲ್ಲಿ ತೀರ್ಪಿತ್ತು, ಆತನ ಹೆಸರನ್ನು ಗುಪ್ತವಾಗಿಡಲು ಅವಕಾಶ ಕೊಟ್ಟಿತು. ಮರುವರ್ಷವೇ ಸರ್ವೋಚ್ಚ ನ್ಯಾಯಾಲಯ, ವಧುವಾಗಲಿದ್ದವಳ ಕಡೆಗೆ ಆಸ್ಪತ್ರೆಯಿಂದ ಸುದ್ದಿ ಹೋದ ಪ್ರಕರಣದಲ್ಲಿ, ಸೋಂಕಿತನಿಗೆ ಮದುವೆಯ ಹಕ್ಕೇ ಅಮಾನತಿನಲ್ಲಿರುತ್ತದೆ ಎಂದಿತು. ಆ ಮಾತು ಅನಗತ್ಯವಾಗಿತ್ತೆಂದು 2002ರಲ್ಲಿ ತಾನೇ ತಿದ್ದಿಕೊಂಡಿತು. ಕೊನೆಗೆ 2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯ್ದೆ ಒಪ್ಪಿಗೆಯಿಲ್ಲದ ಪರೀಕ್ಷೆಯನ್ನೂ, ಗುಟ್ಟು ಬಯಲು ಮಾಡುವುದನ್ನೂ, ಭೇದಭಾವವನ್ನೂ ನಿಷೇಧಿಸಿತು. ಸಂಗಾತಿಗೆ ಅಪಾಯವಿದ್ದಾಗ, ಸಮಾಲೋಚನೆಯ ನಂತರ ವೈದ್ಯರು ಆ ಒಬ್ಬರಿಗೆ ಮಾತ್ರ ತಿಳಿಸಬಹುದು. ಯಾರಿಗೆ ತಿಳಿದರೆ ಒಂದು ಜೀವ ಉಳಿಯುವುದೋ ಅವರಿಗೆ ಹೇಳು, ಉಳಿದವರಿಗೆ ಬೇಡ ಎಂಬುದು ಇದರ ತಾತ್ಪರ್ಯವೆಂದು ನಾನು ಗ್ರಹಿಸಿದ್ದೇನೆ. ಆಚಾರ್ಯರ ವಿಧಿಯಿಂದ ಇದು ದೂರವಿಲ್ಲ.

ಇನ್ನು ಬೆಲೆಯ ವಿಷಯ. ವರ್ತಕನಾದುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವೆ, ಕ್ಷಮಿಸಬೇಕು. 1996ರ ಸುಮಾರಿಗೆ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದು, ಶ್ರೀಮಂತ ದೇಶಗಳಲ್ಲಿ ಸಾವು ಹಠಾತ್ತನೆ ಇಳಿಯಿತು. ವರ್ಷಕ್ಕೆ ತಗಲುತ್ತಿದ್ದ ವೆಚ್ಚ ಹತ್ತರಿಂದ ಹದಿನೈದು ಸಾವಿರ ಡಾಲರು. ಅಂದಿನ ದರದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಮಿಕ್ಕಿ. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಚಿಕಿತ್ಸೆಯನ್ನು ಒಂದು ಅಂತರರಾಷ್ಟ್ರೀಯ ವೈದ್ಯಸೇವಾ ಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ, ಎಂದರೆ ಸುಮಾರು ಹದಿನಾರು ಸಾವಿರ ರೂಪಾಯಿಗೆ, ಕೊಡುವೆನೆಂದರು. ಸರಕು ಅದೇ. ಇದು ಸಾಧ್ಯವಾದದ್ದು ನಮ್ಮ 1970ರ ಪೇಟೆಂಟ್ ಕಾಯ್ದೆಯಿಂದ. ಅದು ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಏಕಸ್ವಾಮ್ಯ ಕೊಟ್ಟಿತ್ತು, ಔಷಧಕ್ಕೆ ಅಲ್ಲ. ಬೇರೆ ವಿಧಾನದಿಂದ ಅದೇ ಔಷಧವನ್ನು ಯಾರೂ ತಯಾರಿಸಬಹುದಿತ್ತು. ಅಗ್ಗದ ಔಷಧಕ್ಕೆ ದಾರಿ ತೆರೆದ ದಕ್ಷಿಣ ಆಫ್ರಿಕದ ಕಾನೂನಿನ ವಿರುದ್ಧ ಮೊಕದ್ದಮೆ ಹೂಡಿದ್ದ 39 ಕಂಪನಿಗಳು ಅದೇ ಏಪ್ರಿಲಿನಲ್ಲಿ ಅದನ್ನು ಹಿಂತೆಗೆದುಕೊಂಡವು. ನಮ್ಮ ಕಾಯ್ದೆ ಜಾಗತಿಕ ವ್ಯಾಪಾರ ಒಪ್ಪಂದಕ್ಕೆ ಅನುಗುಣವಾಗಿ 2005ರಲ್ಲಿ ಬದಲಾಯಿತು. ಲಾಭ ಪಾಪವಲ್ಲ, ನಾನೂ ಅದರಿಂದಲೇ ಬದುಕಿದವನು. ಆದರೆ ಹದಿನಾರು ಸಾವಿರಕ್ಕೆ ಕೊಡಬಹುದಾದುದಕ್ಕೆ ನಾಲ್ಕು ಲಕ್ಷ ಕೇಳಿದ ಐದು ವರ್ಷಗಳಲ್ಲಿ ಸತ್ತವರನ್ನು ಯಾವ ಖಾತೆಗೆ ಬರೆಯಬೇಕು? ಔಷಧದಾನವೆಂದರೆ ಪುಕ್ಕಟೆ ಗುಳಿಗೆ ಹಂಚುವುದೆಂದಷ್ಟೇ ನಾವು ತಿಳಿದಿದ್ದೇವೆ. ಬೆಲೆಯನ್ನು ನ್ಯಾಯವಾಗಿ ಕಟ್ಟುವುದೂ ಅದರಲ್ಲಿ ಸೇರಬೇಕು.

2004ರ ಏಪ್ರಿಲ್ 1ರಿಂದ ಸರಕಾರ ಈ ಔಷಧವನ್ನು ಉಚಿತವಾಗಿ ಕೊಡತೊಡಗಿತು. ಆರಂಭದ ಎಂಟು ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಒಂದು. ಬಳಿಕ ಜಿಲ್ಲೆಗಳಿಗೂ ಕೇಂದ್ರಗಳು ಬಂದವು. ತಪ್ಪದೆ ಗುಳಿಗೆ ನುಂಗಿ, ರಕ್ತದಲ್ಲಿ ವೈರಾಣು ಕಾಣದಷ್ಟು ಇಳಿದವರಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲವೆಂಬುದು ಈಗ ಸಿದ್ಧವಾದ ಸಂಗತಿ. ದೇಶದಲ್ಲಿ ಇಂದು ಸುಮಾರು 25 ಲಕ್ಷ ಜನರು ಸೋಂಕಿನೊಂದಿಗೆ ಬದುಕಿದ್ದಾರೆ.

ಆ ಗಿರಾಕಿಯ ಹೆಂಡತಿಯೂ ಬದುಕಿದ್ದಾಳೆ. ಆಕೆಯ ಅನುಮತಿ ಪಡೆದೇ, ಗುರುತು ಸಿಗದಂತೆ ಇದನ್ನು ಬರೆಯುತ್ತಿದ್ದೇನೆ. ಗುಳಿಗೆಯ ಡಬ್ಬಿಯನ್ನು ಇಂದಿಗೂ ಜೋಳದ ಚೀಲದಲ್ಲಿ ಬಚ್ಚಿಡುತ್ತಾಳೆ. ಕೆಲವು ವರ್ಷಗಳ ಹಿಂದೆ ತೊಗರಿಯ ಹಣ ಪಡೆಯಲು ಬಂದವಳು, ಅಂಗಡಿಯಲ್ಲಿ ಬೇರೆಯವರು ಇಲ್ಲದಾಗ ಕೇಳಿದಳು: "ಸಾವ್ಕಾರ್ರೆ, ಮಗಳಿಗಿ ವರ ಬಂದದ. ನನ್ನ ಬ್ಯಾನಿ ಬೀಗರಿಗಿ ಹೇಳಬೇಕೇನ್ರಿ?" ಮಗಳ ರಕ್ತಪರೀಕ್ಷೆ ಆಗಿತ್ತು, ಸೋಂಕು ಇರಲಿಲ್ಲ. ನಾನು ಬಹಳ ಹೊತ್ತು ಯೋಚಿಸಿ, "ಬ್ಯಾಡವ್ವ, ಅದು ಅವರಿಗಿ ಸಂಬಂಧಿಲ್ಲ" ಎಂದೆ. ಮದುವೆ ಆಯಿತು. ಮಗಳಿಗಾದರೂ ತಾಯಿಯ ಸಂಗತಿ ತಿಳಿದಿದೆಯೇ ಎಂದು ಅಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.